ಮೊದಲು ಗೊತ್ತಾಗುವವನು

ನೀಲಿ, ಈ ನೀಲಿ ಬಣ್ಣವನ್ನು ಯಾಕಾದರೂ ಹಾಕುತ್ತಾರೋ, ಕಕ್ಕಸಿನ ನೀರಿಗೆ ಆಕಾಶದ ಬಣ್ಣ ಬೆರೆಸಿದರೆ ಅದೇನು ಪನ್ನೀರಾಗುತ್ತದೆಯೇ, ದಪ್ಪ ಪೈಪನ್ನು ವಿಮಾನದ ಹೊಟ್ಟೆಗೆ ಸಿಕ್ಕಿಸಿ, ಹಿಡಿ ಎಳೆದು, ಮೂಗನ್ನು ಅತ್ತ ತಿರುಗಿಸಿ ನಿಂತ, ಗುಳುಗುಳು ಇಳಿಯಿತು, ಇನ್ನೂರು ಜನ ಹನ್ನೊಂದು ಗಂಟೆ ಆಕಾಶದಲ್ಲಿ ಕೂತು ಬಿಟ್ಟದ್ದು, ಮುಂದಿನ ಸೀಟಿನ ಕೋಟಿನವನದ್ದೂ ಹಿಂದಿನ ಸೀಟಿನ ಕೂಸಿನದ್ದೂ ಇಲ್ಲಿ ಬೆರೆತು ಒಂದೇ ಸಂಸಾರ, ಈ ಗಾಡಿಗೆ ವಿಮಾನ ನಿಲ್ದಾಣದಲ್ಲೆಲ್ಲ ಅತ್ತರು ಗಾಡಿ ಅಂತಲೇ ಹೆಸರು, ಇವನು ಅತ್ತರು ಸಾಹೇಬ, ಹತ್ತೊಂಬತ್ತು ವರ್ಷದಿಂದ — ಎರಡು ವರ್ಷದ ಹಿಂದೆ ಲ್ಯಾಬಿನವರು ಬಂದು ಪೈಪಿಗೊಂದು ಪುಟ್ಟ ನಲ್ಲಿ ಕೂರಿಸಿ, ಹೊರದೇಶದ ಪ್ರತಿ ವಿಮಾನದಿಂದ ಒಂದು ಬಾಟಲಿ ಹಿಡಿದುಕೊಡಿ, ಹೊಸ ವೈರಸ್ ಕಾಲಿಟ್ಟರೆ ಮೊದಲು ಗೊತ್ತಾಗೋದು ಇದರಲ್ಲೇ ಎಂದಾಗ ಸಾಹೇಬನ ಎದೆ ಒಂದಿಂಚು ಉಬ್ಬಿತ್ತು, ನೋಡೇ, ನಿನ್ನೆವರೆಗೂ ಕಕ್ಕಸು ಬಾಚ್ತಿದ್ದೆ, ಇವತ್ತಿಂದ ವಿಜ್ಞಾನಿ, ಹೆಂಡತಿ ಮೂಗು ಮುಚ್ಚಿಕೊಂಡೇ ನಕ್ಕಿದ್ದಳು, ವಿಜ್ಞಾನಿಗಳೇ, ಮೊದಲು ಸ್ನಾನ ಮಾಡ್ಕೊಂಡು ಬನ್ನಿ — ಆ ನಗುವ ಬಾಯಲ್ಲಿ ನಿನ್ನೆಯಿಂದ ಕೊಳವೆ, ಆಸ್ಪತ್ರೆಯ ಗಾಜಿನ ಆಚೆ, ಬೇಡ, ಅದು ಬೇಡ, ಕೈಯಲ್ಲಿ ಕೆಲಸವಿದೆ, ಬಾಟಲಿ ತುಂಬಿತು, ಮುಚ್ಚಳ, ಚೀಟಿ, ವಿಮಾನದ ನಂಬರು, ತಾರೀಖು, ಐಸ್ ಪೆಟ್ಟಿಗೆ.

ಬೆಳಗ್ಗೆ ಗಾಡಿ ತೆಗೆಯುವಾಗಲೇ ಸೂಪರ್‌ವೈಸರ್ ಓಡಿಬಂದಿದ್ದ, ಸಾಹೇಬ್ರೇ, ಹೊಡೆದ್ರಲ್ರೀ ಲಾಟರಿ, ಹೋದ ಮಂಗಳವಾರದ ಬಾಟ್ಲೀಲಿ ಹೊಸ ರೂಪಾಂತರಿ ಸಿಕ್ಕಿದೆಯಂತೆ, ದೇಶದಲ್ಲೇ ಮೊದಲನೇದು, ನೀವು ಹಿಡಿದಿದ್ದು, ಹನ್ನೊಂದಕ್ಕೆ ಫೋಟೋ ತೆಗೆಯೋಕೆ ಬರ್ತಾರೆ, ಮುಖ ತೊಳ್ಕೊಂಡಿರಿ — ಹೋದ ಮಂಗಳವಾರ, ಅದೇ ವಿಮಾನ, ಯಾವ ವಿಮಾನದ ಕಿಟಕಿಯಿಂದ ಮಗಳು ಕೈ ಬೀಸುತ್ತಾಳೆಂದು ಇವನು ಅತ್ತರು ಗಾಡಿಯ ಪಕ್ಕ ಕತ್ತು ಎತ್ತಿ ನಿಂತಿದ್ದನೋ ಅದೇ, ಯಾರ ಕಿಟಕಿ ಎಂದು ತಿಳಿಯದೆ ಎಲ್ಲ ಕಿಟಕಿಗೂ ಕೈ ಬೀಸಿದ್ದನೋ ಅದೇ, ಹೊರದೇಶದ ಹೋಟೆಲಿನಲ್ಲಿ ದಿನಕ್ಕೆ ಇಪ್ಪತ್ತು ಹಾಸಿಗೆಯ ಹೊದಿಕೆ ಬದಲಿಸುವ ಮಗಳು, ಎಷ್ಟು ದೇಶದವರು ಮಲಗೆದ್ದ ಹಾಸಿಗೆಗಳೋ, ಹೊರಡುವ ಮುಂಚೆ ಅವಳೇ ಕೇಳಿದ್ದಳು, ಅಪ್ಪಾ, ಅಮ್ಮನಿಗೆ ಆ ಮಾತ್ರೆ ನಡೀತಿದೆಯಲ್ಲ, ರಜೆ ಇರೋದೇ ಐದು ದಿನ, ಮೊದಲ ಮೂರು ದಿನ ಎಲ್ಲಾದ್ರೂ ರೂಮು ಮಾಡ್ಕೊಂಡಿದ್ದು ಆಮೇಲೆ ಮನೆಗೆ ಬರ್ಲಾ, ಅದಕ್ಕೆ ಈ ವಿಜ್ಞಾನಿ ಏನಂದ, ಹುಚ್ಚಿ, ಹುಟ್ಟಿದ ಮನೆ ಇಟ್ಕೊಂಡು ರೂಮಂತೆ, ಬಾಟ್ಲಿ ತುಂಬೋನೇ ನಾನು, ಏನಾದ್ರೂ ಇದ್ರೆ ಮೊದಲು ಗೊತ್ತಾಗೋದು ನನಗೇ, ನೇರ ಮನೆಗೆ ಬಾ — ಗೊತ್ತಾಯಿತಲ್ಲ, ಮೊದಲೇ ಗೊತ್ತಾಯಿತು, ಎಂಟು ದಿನಕ್ಕೆ, ಫಲಿತಾಂಶ ಬರಲು ಎಂಟು ದಿನ ಬೇಕೆಂದು ಬಾಟಲಿ ತುಂಬುವವನಿಗೆ ಯಾರೂ ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ, ದಡ್ಡ, ಶತದಡ್ಡ.

ನೂರಾ ತೊಂಬತ್ತೆಂಟು ಜನರಿದ್ದರು, ಅವಳೇ ಎಂದು ಯಾಕೆ, ಬಾಟಲಿ ಯಾರ ಹೆಸರನ್ನೂ ಹೇಳುವುದಿಲ್ಲ, ಆದರೆ ಭಾನುವಾರ ಮಗಳು ವಾಪಸು ಹೊರಟಳು, ಸೋಮವಾರ ಹೆಂಡತಿಗೆ ಜ್ವರ, ಮಂಗಳವಾರ ಕೊಳವೆ, ಇದಕ್ಕೆ ಯಾವ ಲ್ಯಾಬು ಬೇಕು, ನಾಲ್ಕು ವರ್ಷದ ಹಿಂದೆ ಇವನದೊಂದು ಕಿಡ್ನಿ ತೆಗೆದು ಅವಳಿಗೆ ಕೂರಿಸಿದಾಗ ಡಾಕ್ಟರು ಬಿಡಿಸಿ ಹೇಳಿದ್ದರು, ನಿಮ್ಮ ಕಿಡ್ನಿ ಅವರ ಮೈಗೆ ಪರಕೀಯ, ಹೊರಗೆ ತಳ್ಳದಿರಲಿ ಅಂತ ಮೈಯ ಕಾವಲುಗಾರನಿಗೆ ಮಾತ್ರೆ ಕೊಟ್ಟು ಮಲಗಿಸ್ತೀವಿ, ಕಾವಲುಗಾರ ಮಲಗಿದ ಮೇಲೆ ಬಾಗಿಲು ನೀವೇ ಕಾಯಬೇಕು, ಕಾದ, ನಾಲ್ಕು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾದ, ಅವಳ ತಟ್ಟೆ ಬೇರೆ, ಲೋಟ ಬೇರೆ, ಟವೆಲ್ ಬೇರೆ, ಕೆಮ್ಮುವವರನ್ನು ಬಾಗಿಲಿನಿಂದಲೇ ಸಾಗಹಾಕಿದ, ನಿಮ್ಮ ಕಿಡ್ನಿಗೆ ನಿಮ್ಮದೇ ಸಿಡುಕು ಕಣ್ರೀ, ಅರ್ಧರಾತ್ರೀಲಿ ಎಬ್ಬಿಸುತ್ತೆ ಎಂದು ರೇಗಿಸುತ್ತಿದ್ದಳು — ಕ್ಯಾಂಟೀನಿನ ಟಿವಿಯಲ್ಲಿ ಆಗಲೇ ಶುರುವಾಗಿದೆ, ನಾಳೆಯಿಂದ ಆ ದೇಶದ ವಿಮಾನ ಬಂದ್, ಭಲೇ, ಬಂದದ್ದು ಬಂದು, ಉಂಡು, ಊರೆಲ್ಲ ಸುತ್ತಿದ ಮೇಲೆ ಚಿಲಕ ಹಾಕುವ ಬುದ್ಧಿವಂತರು, ಇವರು ಅದನ್ನು ಆ ದೇಶದ ವೈರಸ್ ಎನ್ನುತ್ತಾರೆ, ಆ ದೇಶದವರು ಇನ್ನೊಂದು ದೇಶದ ಹೆಸರು ಹೇಳಿ ಕೈತೊಳೆದುಕೊಳ್ಳುತ್ತಾರೆ, ಮತ್ತೆ ಭಾನುವಾರ ಮಗಳು ಹತ್ತಿದ ವಿಮಾನ, ಅದರ ಹೊಟ್ಟೆಯಡಿ ಅಲ್ಲೊಬ್ಬ ಅತ್ತರು ಸಾಹೇಬ ಬಾಟಲಿ ಹಿಡಿದಿರುತ್ತಾನೆ, ಅವನಿಗೂ ಎಂಟು ದಿನ, ಅವನ ಮನೆಯಲ್ಲಿ ಯಾರಿದ್ದಾರೋ — ಫೋನು ಅದುರಿತು, ಮಗಳು, ಅಪ್ಪಾ, ಅಮ್ಮ ಹೇಗಿದ್ದಾರೆ, ಹಾಗೇ ಇದ್ದಾಳಮ್ಮ, ಅಪ್ಪಾ, ನನ್ನಿಂದ ಅಲ್ಲ ತಾನೇ, ಛೆ, ಸುಮ್ನಿರು, ನಿನ್ನಿಂದ ಹೇಗಾಗುತ್ತೆ, ಇದ್ದಿದ್ರೆ ನನಗೇ ಮೊದಲು ಗೊತ್ತಾಗ್ತಿರಲಿಲ್ವಾ, ನಾಲಿಗೆ ಅದೇ ಮಾತನ್ನು ಮತ್ತೆ ಆಡಿತು, ಆ ನಾಲಿಗೆಯನ್ನು ಕಿತ್ತು ಐಸ್ ಪೆಟ್ಟಿಗೆಗೆ ಹಾಕಬೇಕು.

ಹನ್ನೊಂದಾಯಿತು, ಫೋಟೋದ ಹುಡುಗಿ ಬಂದಿದ್ದಾಳೆ, ಅಂಕಲ್, ಬಾಟ್ಲಿ ಸ್ವಲ್ಪ ಮೇಲೆ ಹಿಡೀರಿ, ವಿಮಾನ ಕಾಣಲಿ, ಸೂಪರ್‌ವೈಸರ್ ಪಕ್ಕದಲ್ಲಿ ಕೂದಲು ತೀಡಿಕೊಂಡು ನಿಂತಿದ್ದಾನೆ, ಎತ್ತಿದ, ನೀಲಿ ನೀರಿನ ಆಚೆ ಅಡುಗೆಮನೆಯ ಮೇಜು, ಹೋದ ಬುಧವಾರ ಬೆಳಗ್ಗೆ, ಮಗಳು ಅರ್ಧ ಕುಡಿದಿಟ್ಟ ಟೀ, ಕೈಗೆ ಕೆಮ್ಮಿದಳು, ಏಸಿ ಗಾಳಿ ಅಮ್ಮ, ಏನಿಲ್ಲ ಎಂದಳು, ಸ್ನಾನಕ್ಕೆ ಎದ್ದುಹೋದಳು, ಇವಳು ಆ ಲೋಟ ತೆಗೆದುಕೊಂಡಳು, ಎಂಜಲು ಕಣೇ ಎಂದ ಇವನು, ಹೇಳಿದ್ದನಲ್ಲ, ತಡೆದಿದ್ದನಲ್ಲ, ಮಗಳದ್ದು ಯಾವ ಎಂಜಲು ರೀ, ಎರಡು ವರ್ಷ ಆಯ್ತು ಅವಳ ಮುಖ ನೋಡಿ ಎಂದು ಇವಳು ತೆಗೆದುಕೊಂಡಳು — ಅಂಕಲ್, ಸ್ವಲ್ಪ ನಗಿ — ತೆಗೆದುಕೊಂಡಳು ಎಲ್ಲಿ, ಸುಳ್ಳು ಯಾರಿಗೆ ಹೇಳುತ್ತೀ, ಲೋಟ ಮೇಜಿನ ಆ ತುದಿಯಲ್ಲಿತ್ತು, ಅವಳ ಕೈಗೆ ಎಟುಕುತ್ತಿರಲಿಲ್ಲ, ಕೈ ಚಾಚಿ ಇವನ ಮುಖ ನೋಡಿದಳು, ಅಷ್ಟೇ, ಎಂಜಲು ಕಣೇ ಎಂದು ನಗುತ್ತ ನಗುತ್ತಲೇ ಇವನು ಎದ್ದ, ಲೋಟ ಇನ್ನೂ ಬೆಚ್ಚಗಿತ್ತು, ಅಂಚಿನಲ್ಲಿ ಮಗಳ ತುಟಿಯ ಗುರುತಿತ್ತು, ಎತ್ತಿ ಅವಳ ಕೈಗೆ ಕೊಟ್ಟ, ಎತ್ತಿ ಅವಳ ಕೈಗೆ ಇವನೇ ಕೊಟ್ಟ, ಎತ್ತಿ ಅವಳ ಕೈಗೆ