ಪೂನಮ್‌ಳ ಹಗ್ಗ ಹಿಡಿದ ಕೈ

ಬಂಡೆ ಹತ್ತುವವರ ಬಗ್ಗೆ ತೆಗೆದ ಸಣ್ಣ ಸಣ್ಣ ಸಾಕ್ಷ್ಯಚಿತ್ರಗಳನ್ನು ರಾಮದುರ್ಗದ ಸಭಾಭವನದಲ್ಲಿ ತೋರಿಸುತ್ತಾರೆಂದು ಕೇಳಿ ಪದ್ಮವ್ವ ಮೂಗು ಮುರಿದಿದ್ದಳು. ಆಡು ಹತ್ತುವ ಬಂಡೆಯನ್ನು ಮನುಷ್ಯರು ಹತ್ತುವುದು, ಅದನ್ನು ಇನ್ನೊಬ್ಬ ಸಿನಿಮಾ ಮಾಡುವುದು, ಅದನ್ನು ನೋಡಲು ಮತ್ತಷ್ಟು ಜನ ಕೂಡುವುದು. ಮಾಡಲು ಕೆಲಸವಿಲ್ಲದವರ ಹಣೆಬರಹ ಇದು ಎಂಬುದು ಅವಳ ತೀರ್ಮಾನ. ಆದರೂ ಸುರೇಬಾನದಿಂದ ಬಸ್ಸು ಹತ್ತಿ ಬಂದಳು. ಮಗಳು ಪೂನಮ್ ಮಾತು ಕೊಟ್ಟಿದ್ದಳು.

"ನನ್ನ ಸಿನಿಮಾ ಒಮ್ಮೆ ನೋಡು ಯವ್ವಾ. ನೋಡಿದ ಮ್ಯಾಲೂ ಬ್ಯಾಡ ಅಂದ್ರ, ಇನ್ನ ಹಗ್ಗ ಮುಟ್ಟೂದಿಲ್ಲ."

ಹೋದ ವರ್ಷ ಪೂನಮ್ ಊರ ಹಿಂದಿನ ಕೆಂಪು ಗುಡ್ಡದಿಂದ ಬಿದ್ದು ಕಾಲು ಮುರಿದುಕೊಂಡಿದ್ದಳು. ಮೂಳೆ ಕೂಡಿತು, ಪದ್ಮವ್ವನ ಸಿಟ್ಟು ಇಳಿಯಲಿಲ್ಲ. ಇನ್ನು ಗುಡ್ಡದ ಕಡೆ ತಲೆ ಹಾಕಬೇಡ ಎಂದುಬಿಟ್ಟಳು. ಸಿಟ್ಟೆಲ್ಲ ಶ್ರೀಶೈಲನ ಮೇಲೆ. ಮಗಳಿಗೆ ಹತ್ತುವುದನ್ನು ಕಲಿಸಿದ ಬೈಲಹೊಂಗಲದವನು ಅವನು. ಹತ್ತುವವರ ಸೊಂಟದ ಹಗ್ಗ ಮೇಲಿನ ಕೊಂಡಿಯಲ್ಲಿ ಹಾದು ಕೆಳಗೆ ನಿಂತವರ ಕೈಗೆ ಬರುತ್ತದೆ. ಇವರು ಬಿಟ್ಟರೆ ಅವರು ಬಿದ್ದಂತೆ. ಪರಗಂಡಸಿನ ಕೈಯಲ್ಲಿ ಮಗಳ ಹಗ್ಗ ಕೊಡಲು ಪದ್ಮವ್ವ ಸುತಾರಾಂ ಒಪ್ಪಿರಲಿಲ್ಲ. ಅಣ್ಣ ಹಿಡಿದರೆ ಹತ್ತು, ಇಲ್ಲದಿದ್ದರೆ ಬೇಡ ಎಂದು ಪಟ್ಟು ಹಿಡಿದು ಮಗ ಭೀಮಶಿಯನ್ನೇ ಆ ಕೆಲಸ ಕಲಿಯಲು ಹಚ್ಚಿದ್ದಳು.

ಬಿದ್ದ ದಿನ ಮಾತ್ರ ಹಗ್ಗ ಶ್ರೀಶೈಲನ ಕೈಯಲ್ಲಿತ್ತು, ಅವನೇ ಬಿಟ್ಟ ಎಂದು ಭೀಮಶಿ ಹೇಳಿದ. ದವಾಖಾನೆಯ ಬಾಗಿಲಲ್ಲೇ ಪದ್ಮವ್ವ ಶ್ರೀಶೈಲನಿಗೆ ಬಾಯಿಗೆ ಬಂದಂತೆ ಬೈದಳು. ಎರಡೂ ಕೈಗೆ ಪಟ್ಟಿ ಸುತ್ತಿಕೊಂಡು ನಿಂತಿದ್ದವನು ತುಟಿ ಬಿಚ್ಚದೆ ಹೋದ. ತಪ್ಪು ಮಾಡಿದವನಿಗೆ ಬಾಯಿ ಎಲ್ಲಿಂದ ಬರಬೇಕು ಎಂದುಕೊಂಡಿದ್ದಳು.

ಇಂದು ಹೊರಡುವಾಗ ಭೀಮಶಿ ತಡೆದಿದ್ದ. "ನಿನಗ್ಯಾಕ ಬೇ ಇದೆಲ್ಲಾ? ಬಿಸಲಾಗ ತ್ರಾಸ ಮಾಡ್ಕೋಬ್ಯಾಡ, ಮನ್ಯಾಗ ಇರು." ಮಗನಿಗೆ ತನ್ನ ಮೇಲೆ ಎಷ್ಟು ಕಾಳಜಿ ಎಂದು ಅವಳು ಉಬ್ಬಿದ್ದಳು. ಅವಳು ಕೇಳದಿದ್ದಾಗ ತಾನೂ ಜೊತೆಗೆ ಬಂದ ಅವನು ಈಗ ಪಕ್ಕದ ಕುರ್ಚಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದ, ಇನ್ನೊಂದು ಪಕ್ಕದಲ್ಲಿ ಪೂನಮ್.

ಚಿತ್ರ ತೆಗೆದವನು ಮದುವೆಗಳ ವಿಡಿಯೋ ಮಾಡುವ ಲಕ್ಕಪ್ಪ. ತೆರೆಯ ಮೇಲೆ ಕೆಂಪು ಬಂಡೆ, ಅದಕ್ಕೆ ಅಂಟಿಕೊಂಡ ಪೂನಮ್. ಬೆರಳು ಸೇರುವಷ್ಟೇ ಬಿರುಕಿನಲ್ಲಿ ಕೈಯಿಟ್ಟು, ರೊಟ್ಟಿ ಬಡಿದಷ್ಟು ಸಲೀಸಾಗಿ ಮೇಲೇರುತ್ತಿದ್ದಳು. ಇವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳೇ ಎಂದು ಪದ್ಮವ್ವನಿಗೆ ಹೆಮ್ಮೆಯಾಯಿತು, ಬೈಗುಳ ಮರೆತೇಹೋಯಿತು. ಆಗ ಮಗಳ ಹಸಿರು ಪ್ಯಾಂಟು ಕಣ್ಣಿಗೆ ಬಿತ್ತು. ಮುರಿದ ಕಾಲಿಗಾಗಿ ದವಾಖಾನೆಯವರು ಕತ್ತರಿಸಿ ತೆಗೆದದ್ದು ಅದೇ ಪ್ಯಾಂಟು. ಇದು ಬಿದ್ದ ದಿನದ್ದೇ ಚಿತ್ರ.

ಕ್ಯಾಮೆರಾ ಕೆಳಗಿಳಿಯಿತು. ಹಗ್ಗ ಹಿಡಿದು ನಿಂತವನು ಭೀಮಶಿ.

"ಭೀಮಶಿಯವರ, ಇತ್ತಾಗ ನೋಡ್ರಿ. ಸ್ವಲ್ಪ ನಗ್ರಿ. ಹಾಂ, ನಮಸ್ಕಾರ ಮಾಡ್ರಿ," ಎಂದಿತು ಲಕ್ಕಪ್ಪನ ದನಿ.

ಮದುವೆ ಮನೆಯಲ್ಲಿ ಕ್ಯಾಮೆರಾ ತಿರುಗಿದಾಗ ಎಲ್ಲರೂ ಮಾಡುವುದನ್ನೇ ಭೀಮಶಿ ಮಾಡಿದ. ನಕ್ಕು, ಎರಡೂ ಕೈ ಜೋಡಿಸಿದ.

ಸಭಾಭವನದಲ್ಲಿ ಕೆಲವರು ನಕ್ಕರು. ಅಷ್ಟರಲ್ಲಿ ಮೇಲಿನಿಂದ ಪೂನಮ್ ಕಿರುಚಿದಳು, ಹಗ್ಗ ಸರ್ರನೆ ಓಡಿತು. ಹಿಂದಿನಿಂದ ಶ್ರೀಶೈಲ ಹಾರಿ ಬಂದು ಬರಿಗೈಯಲ್ಲಿ ಅದನ್ನು ಹಿಡಿದ. ಹಗ್ಗ ಅವನ ಅಂಗೈ ಸುಡುತ್ತಾ ಜಾರಿತು, ಅವನು ಬಿಡಲಿಲ್ಲ. ಪೂನಮ್ ಕಾಲಿನ ಮೇಲೆ ಬಿದ್ದಳು. ಅವನು ಹಿಡಿಯದಿದ್ದರೆ ತಲೆಯೇ ನೆಲಕ್ಕೆ ಅಪ್ಪಳಿಸುತ್ತಿತ್ತು.

ದೀಪ ಹತ್ತಿದ್ದು, ಜನ ಎದ್ದದ್ದು ಯಾವುದೂ ಪದ್ಮವ್ವನ ಗಮನಕ್ಕೆ ಬರಲಿಲ್ಲ.

"ಬೇಕಂತ ಮಾಡಲಿಲ್ಲ ಯವ್ವಾ," ಎಂದ ಭೀಮಶಿ.

"ಅದು ನನಗೂ ಗೊತ್ತಾತು. ಸುಳ್ಳ ಯಾಕ ಹೇಳಿದಿ?"

ಭೀಮಶಿ ಮತ್ತೆ ತಲೆ ತಗ್ಗಿಸಿದ. ಪದ್ಮವ್ವ ಮಗಳ ಕಡೆ ತಿರುಗಿದಳು. "ನಿನಗ ಗೊತ್ತಿತ್ತೇನ?"

"ಗೊತ್ತಿತ್ತು. ಮನ್ಯಾಗ ಜಗಳ ಹಚ್ಚಬ್ಯಾಡ ಅಂತ ಶ್ರೀಶೈಲ ಸರ್ ಅಂದ್ರು. ಇವತ್ತೂ ಕರದಿದ್ದೆ. ನೀ ಇರ್ತಿ ಅಂತ ಬರಲಿಲ್ಲ." ಪೂನಮ್ ತಾಯಿಯ ಮುಖವನ್ನೇ ನೋಡುತ್ತಿದ್ದಳು. "ಈಗ ಹೇಳು. ಹತ್ತಲ್ಯೋ, ಬ್ಯಾಡೋ?"

ಮಗಳು ಬಿದ್ದದ್ದನ್ನು ಈಗಷ್ಟೇ ಕಣ್ಣಾರೆ ಕಂಡ ಪದ್ಮವ್ವನ ನಾಲಿಗೆಯ ತುದಿಗೆ ಬಂದದ್ದು ಬೇಡ ಎಂಬ ಮಾತೇ. ಅದನ್ನು ನುಂಗಿಕೊಂಡಳು.

"ಹತ್ತು," ಎಂದಳು. "ಹಗ್ಗ ಮಾತ್ರ ಶ್ರೀಶೈಲನ ಕೈಯಾಗ ಕೊಡು."

ಭೀಮಶಿ ತಲೆಯೆತ್ತಿದ. ಅವಳು ಅವನತ್ತ ನೋಡಲಿಲ್ಲ. ಮೂವರೂ ಒಂದೇ ಬಸ್ಸಿನಲ್ಲಿ ಸುರೇಬಾನಕ್ಕೆ ಹೋಗಬೇಕಿತ್ತು. ಇನ್ನು ಈ ಮಗನ ಪಕ್ಕ ಹೇಗೆ ಕುಳಿತುಕೊಳ್ಳುವುದೋ ಪದ್ಮವ್ವನಿಗೆ ತಿಳಿಯಲಿಲ್ಲ.