ಒಂಟಿ ಕಿವಿಯ ಕುದುರೆ

ಸುತ್ತಮುತ್ತಲಿನವರೆಲ್ಲ ಮಳೆ ನಿಂತರೆ ಸಾಕಪ್ಪಾ ಎನ್ನುತ್ತಿದ್ದ ದಿನಗಳಲ್ಲಿ ನಾನೊಬ್ಬಳು ಮಳೆ ಬರಲಿ, ಜೋರಾಗಿ ಬರಲಿ, ಹಗಲಿಡೀ ಬರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಪಕ್ಕದ ಮನೆಯಾಕೆ ಒಣಗದ ಬಟ್ಟೆ ಹಿಡಿದುಕೊಂಡು ಬಂದು ಆಕಾಶಕ್ಕೆ ಶಾಪ ಹಾಕುವಾಗ ನಾನೂ ಹೌದು ಹೌದು ಎಂದು ತಲೆಯಾಡಿಸುತ್ತಿದ್ದೆ. ಆಕೆ ಬೆನ್ನು ತಿರುಗಿಸಿದ ಕೂಡಲೇ ಫೋನು ತೆಗೆದು, ಮುಂದಿನ ದಿನಗಳಿಗೆ ಮೋಡದ ಚಿತ್ರ ಹಾಕಿದ್ದಾರೋ ಸೂರ್ಯನ ಚಿತ್ರ ಹಾಕಿದ್ದಾರೋ ಎಂದು ನೋಡುತ್ತಿದ್ದೆ. ಸೂರ್ಯ ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಕಾರಣ ನನ್ನ ಮಗಳು. ಎಳೆಗೂಸಾಗಿದ್ದಾಗ, ಎತ್ತಿಕೊಂಡವರ ಅಂಗಿಯ ಗುಂಡಿ ಹಿಡಿದರೆ ಬಿಡುತ್ತಲೇ ಇರಲಿಲ್ಲ. ಹಾಗಾಗಿ ಅವಳಪ್ಪ ಗುಂಡಿ ಎಂದು ಕರೆದರು, ಅದೇ ಅಂಟಿಕೊಂಡಿತು. ಈಗ ಒಂಬತ್ತು ವರ್ಷ. ಗುಂಡಿಗೆ ಗದ್ದಲ ಆಗುವುದಿಲ್ಲ. ನಮಗೆ ನಿಮಗೆ ಆಗುವುದಿಲ್ಲವಲ್ಲ, ಹಾಗಲ್ಲ. ಜನ ಸೇರಿದ ಕಡೆ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ನಿಂತಲ್ಲೇ ಕುಕ್ಕರಿಸಿಬಿಡುತ್ತಾಳೆ, ಉಸಿರು ಮೇಲೆ ಕೆಳಗೆ ಆಗುತ್ತದೆ. ಅವಳ ಕಿವಿ ಇರುವುದೇ ಹಾಗೆ, ನೀವೇ ಹೊಂದಿಕೊಂಡು ಹೋಗಬೇಕು ಎಂದು ಡಾಕ್ಟರು ಹೇಳಿದರು. ನನ್ನ ನಾದಿನಿಗೆ ಮಾತ್ರ ಡಾಕ್ಟರಿಗಿಂತ ಹೆಚ್ಚು ಗೊತ್ತು.

"ನಾಲ್ಕು ಸಲ ಎಳ್ಕೊಂಡು ಹೋಗಿ ಅತ್ತಿಗೆ, ತಾನಾಗೇ ಅಭ್ಯಾಸ ಆಗತ್ತೆ" ಎಂದಳು.

"ನಿನ್ನ ಉಪದೇಶ ಕೇಳಿ ಕೇಳಿ ನನಗಿನ್ನೂ ಅಭ್ಯಾಸ ಆಗಿಲ್ವಲ್ಲ" ಎಂದೆ. ಆಮೇಲೆ ಅವಳು ಆ ಸುದ್ದಿ ಎತ್ತಿಲ್ಲ.

ನಮ್ಮ ಮನೆಯಲ್ಲೊಂದು ಕಟ್ಟಳೆ ಇದೆ. ಹೊರಗೆ ಹೋದಾಗ ಗುಂಡಿ "ಸಾಕು" ಅಂದರೆ ಮುಗಿಯಿತು. ಯಾಕೆ ಎಂದು ಕೇಳಬಾರದು. ಇನ್ನೈದು ನಿಮಿಷ ಇರು ಎಂದು ಪುಸಲಾಯಿಸಬಾರದು. ಮುಖ ಸಣ್ಣ ಮಾಡಬಾರದು. ಕೈ ಹಿಡಿದು ಹೊರಟುಬಿಡಬೇಕು, ಅಷ್ಟೇ. ಈ ಕಟ್ಟಳೆ ಮಾಡಿದವರು ನನ್ನ ಗಂಡ. ಇದರ ದೆಸೆಯಿಂದ ಮದುವೆಯೂಟ ಅರ್ಧಕ್ಕೆ ಬಿಟ್ಟು ಎದ್ದಿದ್ದೇವೆ, ನಡುದಾರಿಯಲ್ಲಿ ಬಸ್ಸಿಳಿದು ನಡೆದಿದ್ದೇವೆ. ಆದರೆ ಈ ಮಾತೊಂದು ಕೈಯಲ್ಲಿದೆ ಎನ್ನುವ ಧೈರ್ಯಕ್ಕೇ ಅವಳು ಹೊಸಿಲು ದಾಟುವುದು.

ಈ ಹುಡುಗಿಗೆ ಥೀಮ್ ಪಾರ್ಕಿನ ಕುದುರೆ ಹತ್ತುವ ಆಸೆ. ಪಾರ್ಕಿನವರು ಹಂಚಿದ ಜಾಹೀರಾತಿನ ಕಾಗದವೊಂದು ಎಲ್ಲಿಂದಲೋ ಸಿಕ್ಕಿ, ಅದನ್ನು ನನ್ನ ಹೊಲಿಗೆ ಮಿಶನ್ನಿನ ಪಕ್ಕದ ಗೋಡೆಗೆ ಅಂಟಿಸಿದ್ದಳು. ಬಣ್ಣದ ಚಪ್ಪರದ ಕೆಳಗೆ ಮರದ ಕುದುರೆಗಳು ಸುತ್ತುವ ಚಿತ್ರ. ಎರಡು ಸಲ ಕರೆದುಕೊಂಡು ಹೋದೆವು. ಎರಡು ಸಲವೂ ಗೇಟಿನ ಸಾಲು, ಧ್ವನಿವರ್ಧಕದ ಕೂಗಾಟ, ಟಿಕೆಟ್ ತೆಗೆಯುವ ಮುಂಚೆಯೇ "ಸಾಕು". ಎರಡನೆಯ ಸಲ ವಾಪಸ್ ಬರುವಾಗ ಬಸ್ಸಿನ ಹಿಂದಿನ ಗಾಜಿನಿಂದ ಪಾರ್ಕಿನ ಕಡೆಗೇ ನೋಡುತ್ತಾ ಕುಳಿತಿದ್ದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಅಮ್ಮಾ, ಇನ್ನೊಂದ್ಸಲಾನೂ ಹಿಂಗೇ ಆದ್ರೆ ಆ ಚಿತ್ರ ಕಿತ್ತು ಹಾಕ್ಬಿಡು. ನನ್ನ ಕೈಲಿ ಆಗಲ್ಲ ಅಂತ ದಿನಾ ನೆನಪಾಗೋದು ಬೇಡ" ಎಂದಳು. ಒಂಬತ್ತು ವರ್ಷದ ಬಾಯಲ್ಲಿ ಅಂಥ ಮಾತು.

ಅದಾದ ಮೇಲೆ ಒಂದು ಸಂಜೆ ಮಳೆಗೆ ಅಂಗಡಿ ಬೇಗ ಮುಚ್ಚಿ ಬಂದ ಗಂಡ, ತಲೆ ಒರೆಸಿಕೊಳ್ಳುತ್ತಾ ಕೇಳಿದರು. ಅವರದು ಬೀದಿ ಕೊನೆಯಲ್ಲಿ ಪಂಕ್ಚರ್ ಅಂಗಡಿ. "ಅಲ್ವೇ, ನಾವು ಯಾಕೆ ಒಳ್ಳೇ ಬಿಸಿಲಿರೋ ದಿನಾನೇ ನೋಡ್ಕೊಂಡು ಹೋಗ್ತೀವಿ? ಎಲ್ರೂ ಹೋಗೋದು ಆವತ್ತೇ. ಜಡಿಮಳೇಲಿ ಯಾವ ಪುಣ್ಯಾತ್ಮ ಪಾರ್ಕಿಗೆ ಬರ್ತಾನೆ?"

ಈ ಮನುಷ್ಯನಿಗೆ ವರ್ಷಕ್ಕೊಂದು ಒಳ್ಳೆಯ ವಿಚಾರ ಹೊಳೆಯುತ್ತದೆ. ಹೊಳೆದಾಗ ಮಾತ್ರ ಕೈ ಮುಗಿಯಬೇಕು ಅನ್ನಿಸುವಂಥದ್ದು ಹೊಳೆಯುತ್ತದೆ.

ತಯಾರಿ ಶುರುವಾಯಿತು. ಅಂಗಡಿಯಲ್ಲಿ ಸಿಗುವ ರೇನ್‌ಕೋಟು ಆಗುವುದಿಲ್ಲ. ನಡೆದರೆ ಚರಪರ ಎನ್ನುತ್ತದೆ, ಟೋಪಿಯ ಮೇಲೆ ಹನಿ ಬಿದ್ದರೆ ತಗಡು ಬಡಿದ ಹಾಗೆ ಕೇಳಿಸುತ್ತದೆ. ಹಾಗಾಗಿ ನೀರು ಹಿಡಿಯದ ಮೆತ್ತನೆಯ ಹಳದಿ ಬಟ್ಟೆ ತಂದು, ಟೋಪಿಯ ಒಳಗೆ ಹಳೆಯ ಹತ್ತಿ ಬಟ್ಟೆಯನ್ನು ಎರಡು ಪದರ ಕೊಟ್ಟು ನಾನೇ ಹೊಲಿದೆ. ನನ್ನ ಹೊಲಿಗೆಗೆ ಯಾರೂ ಹೆಸರಿಡುವ ಹಾಗಿಲ್ಲ. ಜಂಬದಿಂದ ಒತ್ತೊತ್ತಾಗಿ ಎರಡೆರಡು ಸಾಲು ಹಾಕಿದೆ. ಗಂಡ ಅದನ್ನು ಹೆಗಲ ಮೇಲೆ ಹೊದ್ದುಕೊಂಡು ಬಚ್ಚಲಲ್ಲಿ ಕುಳಿತರು, ಗುಂಡಿ ಚೊಂಬಿನಲ್ಲಿ ನೀರು ಹೊಯ್ದಳು. ಹೊಲಿಗೆ ಇದ್ದ ಕಡೆಯೆಲ್ಲ ನೀರು ಜಿನುಗಿ ಇವರ ಬೆನ್ನು ತೊಯ್ದು ತೊಪ್ಪೆಯಾಯಿತು.

"ಏನೇ ಇದು, ಜರಡಿ ಹೊಲಿದಿದೀಯಾ?"

ಒತ್ತಾಗಿ ಹೊಲಿದಷ್ಟೂ ಸೂಜಿಯ ತೂತು ಹೆಚ್ಚು ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಸಿಟ್ಟಿಗೆ ಅದನ್ನು ಮೂಲೆಗೆ ಎಸೆದೆ. ಇವರು ಅದನ್ನು ಎತ್ತಿಕೊಂಡು ಅಂಗಡಿಗೆ ಹೋದರು. ಹಳೇ ಟ್ಯೂಬನ್ನು ತೆಳ್ಳಗೆ ಪಟ್ಟಿ ಕತ್ತರಿಸಿ, ಸೊಲ್ಯೂಷನ್ ಬಳಿದು, ಒಳಗಿನಿಂದ ಹೊಲಿಗೆಯುದ್ದಕ್ಕೂ ಪ್ಯಾಚ್ ಹಾಕಿಕೊಂಡು ಬಂದರು. ಮತ್ತೆ ಬಚ್ಚಲು, ಮತ್ತೆ ಚೊಂಬು. ಈ ಸಲ ಒಂದು ತೊಟ್ಟೂ ಒಳಗೆ ಬರಲಿಲ್ಲ. ಗುಂಡಿ ಕೋಟಿನೊಳಗೆ ಮೂಗು ತೂರಿಸಿ, "ಅಪ್ಪನ ಅಂಗಡಿ ವಾಸನೆ" ಎಂದು ಅದನ್ನು ಬಿಚ್ಚಲೇ ಒಪ್ಪಲಿಲ್ಲ. ಅದನ್ನೇ ಚಿಪ್ಪಿನ ಹಾಗೆ ಬೆನ್ನ ಮೇಲೆ ಹೊತ್ತುಕೊಂಡು ಮನೆಯೆಲ್ಲ ತೆವಳಿ, "ನಾನು ಆಮೆ. ಅಮ್ಮಾ, ಆಮೆನಾದ್ರೂ ಸಾಕೋಣ" ಎಂದು ಹಳೆಯ ರಾಗ ಎಳೆದಳು. ಬೆಕ್ಕು ಸಾಕೋಣ, ಮೊಲ ಸಾಕೋಣ ಎಂದು ಅವಳು ಪೀಡಿಸುವುದು, ಗಿರಾಕಿಗಳ ಬಟ್ಟೆಗೆ ಕೂದಲು ಅಂಟುತ್ತದೆ ಎಂದು ನಾನು ಗದರುವುದು ನಮ್ಮಲ್ಲಿ ನಿತ್ಯದ ಪಾಠ. ಆಮೆಗೆ ಕೂದಲಿಲ್ಲ ಎಂದು ಅವಳ ವಾದ.

ಕೊನೆಗೂ ಆ ದಿನ ಬಂತು. ಬೆಳಕು ಹರಿಯುವಾಗಲೇ ಬಕೆಟ್ಟಿನಲ್ಲಿ ಹೊಯ್ದ ಹಾಗೆ ಸುರಿಯುತ್ತಿತ್ತು. ನಾನು ಮೊಟ್ಟೆ ಬೇಯಿಸಿ, ಬ್ರೆಡ್ಡು ಕಟ್ಟಿ, ಫ್ಲಾಸ್ಕಿಗೆ ಚಹಾ ತುಂಬಿದೆ. ಬಾಗಿಲಿಗೆ ಬೀಗ ಹಾಕುವಾಗ ಪಕ್ಕದ ಮನೆಯಾಕೆ ಕಿಟಕಿಯಿಂದ, "ಈ ಮಳೇಲಿ ಎಲ್ಲಿಗ್ರೀ ಸವಾರಿ?" ಎಂದಳು. "ಪಾರ್ಕಿಗೆ" ಎಂದೆ. ಆಕೆ ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿ ಕಿಟಕಿ ಮುಚ್ಚಿಕೊಂಡಳು.

ಗೇಟಿನಲ್ಲಿ ಸಾಲೇ ಇರಲಿಲ್ಲ. ಧ್ವನಿವರ್ಧಕಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ ಬಾಯಿ ಮುಚ್ಚಿಸಿದ್ದರು. ಟಿಕೆಟ್ ಕೊಡುವ ಹುಡುಗಿ, "ದೊಡ್ಡ ಆಟಗಳೆಲ್ಲ ಮಳೆಗೆ ನಿಲ್ಲಿಸಿದಾರೆ, ನಡೀತಿರೋದು ಕುದುರೆ ಒಂದೇ" ಎಂದು ತಪ್ಪು ತನ್ನದೇ ಎಂಬಂತೆ ಹೇಳಿದಳು. ನನಗೆ ಅವಳ ಕೆನ್ನೆಗೆ ಮುತ್ತು ಕೊಡಬೇಕು ಅನ್ನಿಸಿತು. ನಾವು ಒಳಗೆ ಕಾಲಿಟ್ಟೆವು. ಗುಂಡಿಯ ಕೈ ನನ್ನ ಕೈಯಲ್ಲಿ ಬಿಗಿಯಾಗಿತ್ತು, ಆದರೆ ಆ ಮಾತು ಬಾಯಿಂದ ಬರಲಿಲ್ಲ. ನೀರು ನಿಂತ ದಾರಿಗಳು ನಮ್ಮ ಮೂವರಿಗೇ ಬರೆದುಕೊಟ್ಟ ಹಾಗೆ ಖಾಲಿ ಬಿದ್ದಿದ್ದವು.

ಚಪ್ಪರದ ಕೆಳಗೆ ಕುದುರೆ ಓಡಿಸುವವರು ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತಿದ್ದರು. ವಯಸ್ಸಾದವರು. ನಮ್ಮನ್ನು ಕಂಡು ಧಡಕ್ಕನೆ ಎದ್ದರು. "ಬನ್ನಿ ಬನ್ನಿ. ಬೆಳಗ್ಗಿಂದ ಈ ಖಾಲಿ ಕುದುರೆಗಳ ಮುಖ ನೋಡಿ ನೋಡಿ ಬೇಜಾರಾಗಿತ್ತು."

ನಾನು ಹತ್ತಿರ ಹೋಗಿ ಮೆಲ್ಲಗೆ, "ಯಜಮಾನ್ರೇ, ಹಾಡು ಹಾಕ್ಬೇಡಿ. ಗಂಟೆನೂ ಬೇಡ. ಮಗೂಗೆ ಸದ್ದು ತಡ್ಕೊಳ್ಳೋಕಾಗಲ್ಲ" ಎಂದೆ.

"ಹಾಡು ಬಿಡಿ, ನನಗೂ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ. ಆದ್ರೆ ಗಂಟೆ ಹೊಡೀದೆ ಶುರು ಮಾಡೋ ಹಾಗಿಲ್ಲಮ್ಮ, ರೂಲ್ಸು" ಎಂದು ತಲೆ ಕೆರೆದುಕೊಂಡರು. ಸ್ವಲ್ಪ ಯೋಚಿಸಿ ಗುಂಡಿಯ ಮುಂದೆ ಬಗ್ಗಿ, ಪಿಸುಮಾತಿನಲ್ಲಿ, "ಟಣ್. ಟಣ್. ಇಷ್ಟಾದ್ರೆ ಪರವಾಗಿಲ್ವಾ?" ಎಂದರು.

ಗುಂಡಿ ನಕ್ಕಳು. ಮನೆಯ ಹೊರಗೆ ಅವಳು ಹಾಗೆ ನಕ್ಕದ್ದು ನಾನು ಕಂಡಿರಲಿಲ್ಲ.

ಹೊಳೆಯುವ ಬಿಳಿ ಕುದುರೆಗಳನ್ನೆಲ್ಲ ದಾಟಿ, ಅವಳು ಬಣ್ಣ ಮಾಸಿದ ಒಂದು ಕಂದು ಕುದುರೆಯ ಮುಂದೆ ನಿಂತಳು. ಅದರ ಒಂದು ಕಿವಿ ಮುರಿದುಹೋಗಿತ್ತು. "ಇದಕ್ಕೆ ಗಲಾಟೆ ಅರ್ಧಾನೇ ಕೇಳ್ಸೋದು. ಪುಣ್ಯ ಮಾಡಿದೆ" ಎಂದು ಹತ್ತಿ ಕುಳಿತಳು. ನಾನು ಪಕ್ಕದ ಕುದುರೆ ಹತ್ತಿದೆ. ಗಂಡ ಫ್ಲಾಸ್ಕು, ಛತ್ರಿ ಹಿಡಿದು ಕೆಳಗೆ ನಿಂತರು. ಯಜಮಾನರು ಬಾಯಲ್ಲಿ ಟಣ್ ಟಣ್ ಎಂದು ಹಿಡಿಕೆ ಎಳೆದರು.

ಸುತ್ತಲೂ ಮಳೆ ಪರದೆ ಬಿಟ್ಟಿತ್ತು. ಒಳಗೆ ನಾವು, ಎಣ್ಣೆ ಬಿಟ್ಟ ಮಿಶನ್ನಿನ ಸಣ್ಣ ಗುಂಯ್ ಸದ್ದು. ಕುದುರೆ ಏರಿತು, ಇಳಿಯಿತು. ಗುಂಡಿಯ ಕೈಗಳು ಕಿವಿಯ ಮೇಲಿರಲಿಲ್ಲ. ಕುದುರೆಯ ಕೊರಳ ಮೇಲಿದ್ದವು. ಅವಳು ಅದರ ಮುರಿದ ಕಿವಿಯ ಜಾಗಕ್ಕೆ ಕೆನ್ನೆ ಒತ್ತಿ, ಕಣ್ಣು ಮುಚ್ಚಿಕೊಂಡು ಏನೋ ಅಂದಳು. ನನಗೆ ಕೇಳಿದ್ದು ಕೊನೆಯ ಮಾತೊಂದೇ.

"ಸಾಕು."

ಇಷ್ಟು ಬೇಗ ಮುಗಿಯಿತೇ ಅನ್ನಿಸಿತು. ಆದರೂ ಕಟ್ಟಳೆ ಕಟ್ಟಳೆಯೇ. "ನಿಲ್ಸಿ, ನಿಲ್ಸಿ!" ಎಂದು ಕೂಗಿದೆ. ಕುದುರೆಗಳು ನಿಧಾನಕ್ಕೆ ನಿಂತವು. ಗಂಡ ಆಗಲೇ ಛತ್ರಿ ಬಿಚ್ಚಿ ಮೆಟ್ಟಿಲ ಹತ್ತಿರ ಬಂದಿದ್ದರು, ಮುಖ ಸಣ್ಣ ಮಾಡಬಾರದೆಂದು ಅವರು ಪಡುತ್ತಿದ್ದ ಪಾಡು ನೋಡಲಾಗುತ್ತಿರಲಿಲ್ಲ. ಮನೆಗೆ ಹೋಗಿ ಗೋಡೆಯ ಚಿತ್ರ ಕೀಳಬೇಕಲ್ಲ ಎಂದುಕೊಳ್ಳುತ್ತಾ ನಾನು ಇಳಿದು ಕೈ ಚಾಚಿದೆ.

ಗುಂಡಿ ಇಳಿಯಲಿಲ್ಲ. "ಯಾಕೆ ನಿಲ್ಸಿದ್ರಿ?" ಎಂದು ಸಿಡುಕಿದಳು.

"ನೀನೇ ಸಾಕು ಅಂದ್ಯಲ್ಲೇ!"

"ಇದನ್ನ ಸಾಕು ಅಂದೆ! ಅಮ್ಮಾ, ಈ ಕುದುರೇನ ಮನೇಲಿ ಸಾಕು ಅಂದೆ. ಇದಕ್ಕೆ ಕೂದ್ಲೂ ಇಲ್ಲ, ಮರದ್ದು!"

ಮೊದಲು ನಕ್ಕವರು ಯಜಮಾನರು. ಆಮೇಲೆ ಇವರು ನಕ್ಕರು, ಛತ್ರಿ ಕೈಯಿಂದ ಜಾರಿಬಿದ್ದು ತಲೆ ತೋಯುತ್ತಿದ್ದರೂ ಎತ್ತಿಕೊಳ್ಳಲಿಲ್ಲ. ನಾನು ನಗುತ್ತಲೇ ಇದ್ದೆ, ನಡುವೆ ಅದು ಯಾವಾಗ ಅಳುವಾಯಿತೋ ತಿಳಿಯಲಿಲ್ಲ.

"ನಿನ್ನ ಪರವಾಗಿ ನಾನೇ ಇಲ್ಲಿ ಸಾಕ್ತಿರ್ತೀನಿ ಬಿಡು ಮಗಾ. ಮಳೆ ಬಂದಾಗೆಲ್ಲ ಬಂದು ನೋಡ್ಕೊಂಡು ಹೋಗು" ಎಂದರು ಯಜಮಾನರು.

ಅವಳು ಒಪ್ಪಿದಳು. ಮತ್ತೆ ಟಣ್ ಟಣ್, ಮತ್ತೆ ಸುತ್ತು. ಈ ಸಲ ನಾನು ಕೆಳಗೆ ಗಂಡನ ಪಕ್ಕ ನಿಂತು ನೋಡಿದೆ. ಪ್ರತಿ ಸುತ್ತಿಗೂ ನಮ್ಮ ಎದುರು ಬಂದಾಗ ಅವಳು ಒಂದು ಕೈ ಬಿಟ್ಟು ಬೀಸುತ್ತಿದ್ದಳು. ಮಳೆಗೆ, ಟ್ಯೂಬಿನ ಪಟ್ಟಿಗೆ, ಬಾಯಲ್ಲಿ ಗಂಟೆ ಬಾರಿಸುವ ಮುದುಕರಿಗೆ, ಪಕ್ಕದಲ್ಲಿ ತೋಯ್ದು ನಿಂತ ಈ ಮನುಷ್ಯನಿಗೆ ನಾನು ಏನು ಕೊಟ್ಟರೆ ಋಣ ತೀರೀತು ಅನ್ನಿಸಿತು. ಕುದುರೆ ನಿಲ್ಲುತ್ತಿದ್ದಂತೆ ಕಣ್ಣೊರೆಸಿಕೊಂಡು, ಯಾರಿಗೆ ಎಂದಿಲ್ಲದೆ, "ಇನ್ನೇನೂ ಬೇಡಪ್ಪ, ಸಾಕು" ಅಂದುಬಿಟ್ಟೆ.

ಗುಂಡಿ ಕುದುರೆಯಿಂದ ಇಳಿದಳು. ನೇರ ಬಂದು ನನ್ನ ಕೈ ಹಿಡಿದು ಗೇಟಿನ ಕಡೆ ನಡೆಸಿಕೊಂಡು ಹೊರಟಳು.

"ಅಯ್ಯೋ, ಎಲ್ಲಿಗೆ ಗುಂಡಿ?" ಎಂದು ಅವಳಪ್ಪ ಹಿಂದೆ ಓಡಿಬಂದರು.

"ಅಮ್ಮ ಸಾಕು ಅಂದ್ಲು. ಯಾಕೆ ಅಂತ ಕೇಳ್ಬಾರ್ದು ಅಪ್ಪಾ."

ನನ್ನ ಸಾಕು ಬೇರೆಯದು ಎಂದು ಹೇಳದೆ ಅವಳ ಜೊತೆ ನಡೆದೆ. ಅವಳ ಮುಖದಲ್ಲಿ ಬೇಸರದ ಗೆರೆಯೂ ಇರಲಿಲ್ಲ. ಒಮ್ಮೆಯೂ ಹಿಂತಿರುಗಿ ನೋಡದೆ, ನನ್ನ ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು ನಡೆದಳು. ಗೇಟಿನ ಹತ್ತಿರ ಬಂದು ನಿಂತು, ತನ್ನ ಹಳದಿ ಟೋಪಿಯನ್ನು ತಲೆಯಿಂದ ಸರಿಸಿ ನನ್ನ ಕಿವಿಗಳ ಮೇಲೆ ಒತ್ತಿ ಹಿಡಿಯಲು ತುದಿಗಾಲಿನ ಮೇಲೆ ನಿಂತಳು. ಟೋಪಿ ಕೋಟಿಗೇ ಹೊಲಿದದ್ದಾದ್ದರಿಂದ ನಾನೇ ಬಗ್ಗಿ ಅದರೊಳಗೆ ತಲೆ ತೂರಿಸಿದೆ. ಒಳಗೆ ಬೆಚ್ಚಗಿತ್ತು, ಟ್ಯೂಬಿನ ವಾಸನೆಯಿತ್ತು, ಮಳೆ ಎಲ್ಲೋ ದೂರದಲ್ಲಿ ಬೀಳುತ್ತಿದ್ದ ಹಾಗಿತ್ತು.

"ಈಗ ಪರವಾಗಿಲ್ವಾ ಅಮ್ಮಾ?"

"ಹ್ಞೂಂ ಕಣೇ."

"ನಿಧಾನ. ಆತುರ ಇಲ್ಲ" ಎಂದಳು, ನಾನು ಅವಳಿಗೆ ಹೇಳುವ ಧಾಟಿಯಲ್ಲೇ. ಸ್ವಲ್ಪ ಹೊತ್ತು ಕಾದು, ಕಿವಿಯ ಹತ್ತಿರ ಬಾಯಿ ತಂದು, "ನಿಂಗೆ ಆಗತ್ತೆ ಅಂದ್ರೆ ಮಾತ್ರ. ಕುದುರೆ ಹತ್ರ ವಾಪಸ್ ಹೋಗೋಣ್ವಾ?" ಎಂದು ಕೇಳಿದಳು.

ಮಳೆ ಇನ್ನೂ ಜೋರಾಗಿಯೇ ಇತ್ತು. ನಾವು ಮೂವರೂ ಗೇಟಿನಿಂದ ಒಳಕ್ಕೆ ತಿರುಗಿದೆವು.