ಗಂಧದ ಚುಕ್ಕೆ

ಗಂಟೆ ಸದ್ದಾಯಿತೇ, ಇಲ್ಲ, ಬೀದಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಸರಪಳಿ, ಅಜ್ಜಿಯ ಗಂಟೆಯಾಗಿದ್ದರೆ ಒಳಕೋಣೆಯಿಂದ ಕೇಳುತ್ತಿತ್ತು, ಕೇಳಲಿಲ್ಲವೆಂದರೆ ಅಜ್ಜಿ ಆರಾಮ ಇದ್ದಾಳೆ, ಸ್ನೇಹಲ ಮತ್ತೆ ಪರದೆಗೆ ಕಣ್ಣು ನೆಟ್ಟಳು — ಇಂದೇ ಮುಗಿಯಬೇಕು, ಕಾಗವಾಡದ ಕೋಲ್ಡ್ ಸ್ಟೋರೇಜಿನ ಕಾಕಾಸಾಹೇಬರ ಫೋನು ಮೂರು ಸಲ ಬಂತು, ನಾಳೆ ಒಣದ್ರಾಕ್ಷಿ ಇಳಿತೈತ್ರಿ ಮ್ಯಾಡಮ್, ಅಮೋನಿಯಾ ಗ್ಯಾಸ್ ಸೋರಿದ್ರ ಗೊತ್ತಾಗಬೇಕಲ್ರಿ, ಮಂದಿ ಒಳಗ ಇರ್ತಾರ. ಗೊತ್ತಾಗಬೇಕು, ಆದರೆ ಹೇಗೆ, ಇವಳು ಬರೆಯುವ ಡ್ರೈವರ್ ಪ್ರೋಗ್ರಾಮು ಕ್ಷಣಕ್ಷಣಕ್ಕೂ ಸೋರಿಕೆ ಹಿಡಿಯುವ ಸೆನ್ಸರಿನ ಕಾರ್ಡಿಗೆ ಹೋಗಿ ಏನಾದರೂ ಆಯಿತೇ ಎಂದು ಕೇಳಬೇಕೋ, ಇಲ್ಲ ತೊಂದರೆಯಾದಾಗ ಕಾರ್ಡೇ ಇಂಟರಪ್ಟ್ ಎಂಬ ಸಂಕೇತ ಕಳಿಸಿ ಕರೆಯಲೋ, ಕೇಳುತ್ತಲೇ ಇದ್ದರೆ ಆ ಹಳೆಯ ಪ್ರೊಸೆಸರ್ ಬೇರೆ ಕೆಲಸ ಬಿಟ್ಟು ಏದುಸಿರು ಬಿಡುತ್ತದೆ, ಕರೆಯಲಿ ಬಿಡು, ಕರೆದಾಗ ಓಡಿದರಾಯಿತು — ಬೆಳಗ್ಗೆ ಅಜ್ಜಿಗೂ ಹಾಗೇ ಮಾಡಿದ್ದಳಲ್ಲ, ಮಂಚದ ಪಕ್ಕದ ಸ್ಟೂಲಿನ ಮೇಲೆ ಪೂಜೆಯ ಗಂಟೆ ಇಟ್ಟು, ಅದರ ಹಿಡಿಯ ಮೇಲೆ ಅವ್ವ ಹಚ್ಚಿದ ಗಂಧದ ಚುಕ್ಕೆ ಇನ್ನೂ ಹಸಿ, ದಮ್ಮು ಹೆಚ್ಚಾದ್ರ ಬಾರಿಸ ಅಜ್ಜಿ, ನನಗ ಕೆಲಸ ಬಾಳ ಐತಿ, ಚತುರ್ದಶಿಯ ಮೌನವ್ರತ ಹಿಡಿದಿದ್ದ ಅಜ್ಜಿ ಸುಮ್ಮನೆ ನಕ್ಕಳು, ತಲೆಯಾಡಿಸಿದಳೇ, ನೆನಪಿಲ್ಲ. ನಿಪ್ಪಾಣಿ ಬಸ್ಸಿಗೆ ಹೊರಟ ಅವ್ವ ಬಾಗಿಲಲ್ಲೇ ನಿಂತು, ಗಂಟಿ ಪಂಟಿ ಬ್ಯಾಡವ್ವ, ಘಳಿಗಿಗೊಮ್ಮೆ ಇಣಿಕಿ ಅಜ್ಜೀ ಅನ್ನು, ಬೆರಳ ಎತ್ತತಾಳ, ಆಕಿ ತಾನಾಗಿ ಕೇಳಾಕಿ ಅಲ್ಲ, ಆ ಕಂಪ್ಯೂಟರ್ ಡಬ್ಬಿಗೆ ಕೊಡೋ ಲಕ್ಷ್ಯ ಒಂದಿಷ್ಟು ಮುದುಕಿಗೂ ಕೊಡ. ಆಯ್ತವ್ವ, ಹೋಗ ನೀ.

ಕೊನೆಯ ಪರೀಕ್ಷೆ, ಮೇಜಿನ ಮೇಲಿದ್ದ ಸೆನ್ಸರ್ ಕಾರ್ಡಿನ ವೈರನ್ನೇ ಕಿತ್ತಳು, ಈಗ ಕಾರ್ಡು ಸತ್ತಂತೆ, ಪರದೆ ಕಿರುಚಬೇಕು — ಹಸಿರು, ಎಲ್ಲ ಸರಿ ಇದೆ, ಮತ್ತೆ ಹಸಿರು, ಹೌದಲ್ಲ, ಕರೆಯಲಾರದ್ದು ಹೇಗೆ ಕರೆದೀತು, ಅದರ ಮೌನವನ್ನು ಇವಳ ಡ್ರೈವರ್ ಆರಾಮ ಎಂದು ಓದುತ್ತಿದೆ, ಕೇಳಿದ್ದರೆ ಉತ್ತರ ಬರಲಿಲ್ಲವೆಂದಾದರೂ ತಿಳಿಯುತ್ತಿತ್ತು, ಮೌನ, ಬೆಳಗಿನಿಂದ ಮೌನ, ಈಗೆಷ್ಟು, ಮೂರೂವರೆ, ಒಮ್ಮೆಯೂ ಇಣುಕಲಿಲ್ಲ, ಅಜ್ಜಿಗೆ ಗಂಟೆಯೂ ಮಾತೇ ಅಲ್ಲವೇ, ಉಸಿರು ಕಟ್ಟಿದರೂ ವ್ರತ ಮುರಿಯದವಳ ಕೈಗೆ ಗಂಟೆ ಕೊಟ್ಟೆನಲ್ಲ — ಕುರ್ಚಿ ಉರುಳಿತು, ಹೊಸ್ತಿಲು, ಅಜ್ಜೀ, ಕೈ ಹೊದಿಕೆಯ ಮೇಲಿದೆ, ಅಜ್ಜೀ, ಬೆರಳು ಏಳಲಿಲ್ಲ, ನಿದ್ದೆ ಇರಬೇಕು, ಅಜ್ಜೀ ಬೆರಳ ಎತ್ತ, ಈಗ ಕೇಳಾಕತ್ತೇನಲ್ಲ, ಬಿಡದ ಕೇಳ್ತೇನಿ, ಅಜ್ಜೀ, ಸ್ಟೂಲಿನ ಮೇಲೆ ಗಂಟೆ ಇಟ್ಟಲ್ಲೇ ಇದೆ, ಅಜ್ಜೀ, ಹಿಡಿಯ ಮೇಲೆ ಗಂಧದ ಚುಕ್ಕೆ, ಒಣಗಿದೆ, ಅಳಿಸಿಲ್ಲ, ಅಜ್ಜೀ, ಗಂಧದ ಚುಕ್ಕೆ, ದುಂಡಗೆ, ಒಂದಿಷ್ಟೂ ಅಳಿಸಿಲ್ಲ —